ಹದಿನಾರು ಬಟನ್ನಿನ ಡಬ್ಬಿಯೂ ಯಜಮಾನರ ಹೋಳಿಗೆಯೂ

ನಾನು ಕೈಕಟ್ಟಿ ಸುಮ್ಮನೆ ಕೂತರೂ ನನ್ನ ಸುತ್ತ ಏನಾದರೂ ಒಂದು ಆಗಿಯೇ ಆಗ್ತದೆ. ಕೈ ಬಿಚ್ಚಿದರಂತೂ ಕೇಳಬೇಡಿ.

ಹತ್ತನೇ ಕ್ಲಾಸೂ ನಾನೂ ಪರಸ್ಪರ ಒಪ್ಪಿ ಬೇರೆಯಾದ ಮೇಲೆ ಕೊಪ್ಪದಲ್ಲಿ ಒಂದು ಸೌಂಡ್ಸ್ ಅಂಗಡಿ ಸೇರಿದೆ. ಮದುವೆ, ಸಭೆಗಳಿಗೆ ಮೈಕ್ ಸೆಟ್ ಕೊಡುವ ಅಂಗಡಿ. ಯಜಮಾನರು ಒಳ್ಳೆಯವರು. ಬಾಡಿಗೆ ಕಮ್ಮಿಯಾದರೂ ಊಟಕ್ಕೆ ಹೋಳಿಗೆ ಇದೆ ಅಂದರೆ ಒಪ್ಪಿಕೊಳ್ಳುವ ಜನ. ಅವರು ಒಂದು ನಿಂತುಹೋದ ಆರ್ಕೆಸ್ಟ್ರಾದ ಹಳೇ ಸಾಮಾನು ತಂದಾಗ ಅದರೊಳಗೆ ಒಂದು ಡಬ್ಬಿ ಬಂತು. ಸೀಕ್ವೆನ್ಸರ್ ಅಂತ ಹೆಸರು. ಹದಿನಾರು ಬಟನ್ನು, ಒಂದೊಂದಕ್ಕೂ ಒಂದು ಕೆಂಪು ದೀಪ. ದೀಪ ಈ ತುದಿಯಿಂದ ಆ ತುದಿಗೆ ಓಡ್ತದೆ. ನಾವು ಒತ್ತಿಟ್ಟ ಬಟನ್ನಿಗೆ ಬಂದಾಗ ‘ಡುಗ್’ ಅಂತ ಒಂದು ಏಟು. ತುದಿ ಮುಟ್ಟಿದರೆ ಮತ್ತೆ ಮೊದಲಿನಿಂದ. ಒಳಗೇ ಒಂದು ಪುಟ್ಟ ಸ್ಪೀಕರೂ ಇದೆ. ಕರೆಂಟು ಹೋದರೂ ಬಿಡುವುದಿಲ್ಲ, ಬ್ಯಾಟರಿಯಲ್ಲಿ ಮುಂದುವರಿಸ್ತದೆ.

ಮೊಬೈಲಿನಲ್ಲಿ ಹುಡುಕಿದೆ. ಅಮೆರಿಕದಲ್ಲಿ ಕಾರು ಮಾಡುವ ಒಂದು ಊರಿನ ಹುಡುಗರು ಇಂಥ ಡಬ್ಬಿಗಳನ್ನೇ ಇಟ್ಟುಕೊಂಡು ಟೆಕ್ನೋ ಅನ್ನುವ ಸಂಗೀತ ಶುರು ಮಾಡಿದರಂತೆ. ಹಾಡುವವರೇ ಇಲ್ಲದ ಹಾಡು. ಮೊದಲು ಬೇಜಾರಾಗ್ತದೆ. ಆಮೇಲೆ ಕಾಲು ನಮ್ಮ ಮಾತು ಕೇಳುವುದಿಲ್ಲ. ಅದೇ ಏಟು ಕೇಳಿ ಕೇಳಿ ಕೂತಿರುವಾಗ ಮಧ್ಯೆ ಒಂದೇ ಒಂದು ‘ಟಿಕ್’ ಹೊಸದಾಗಿ ಬಂತೋ, ಮನೆಗೆ ನೆಂಟರು ಬಂದಷ್ಟು ಖುಷಿ.

ಯಜಮಾನರಿಗೆ ಖುಷಿ ಆಗಲಿಲ್ಲ. “ಎಂತದಾ ಇದು, ಕೆಟ್ಟ ಪಂಪ್‌ಸೆಟ್ಟಿನ ಹಾಗೆ. ದೀಪಾವಳಿಗೆ ಅಂಗಡಿ ಗುಡಿಸುವಾಗ ಗುಜರಿಗೆ ಹಾಕ್ತೀನಿ” ಅಂದರು. ನಾನು ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ, “ಅಷ್ಟರೊಳಗೆ ಒಬ್ಬ ಗಿರಾಕಿ ತಾನಾಗಿ ಇದು ಬೇಕು ಅಂತ ಕೇಳಲಿ, ಇಟ್ಕೊ” ಅಂದರು.

ಬಸ್ಸಿನ ಕಾಯಿಲೆ

ಶೃಂಗೇರಿಯಲ್ಲಿ ಒಂದು ಉಪನಯನಕ್ಕೆ ಮೈಕ್ ಕೊಟ್ಟಿದ್ದೆವು. ಯಾರಾದರೂ ಕೇಳಬಹುದು ಅಂತ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸಿನ ಹಿಂದಿನ ಸೀಟಲ್ಲಿ ಕೂತೆ. ಬೇಜಾರಾಯ್ತು. ಚೀಲದೊಳಗೇ ಆನ್ ಮಾಡಿದೆ.

ಡುಗ್, ಡುಗ್, ಡುಗ್.

ಬಸ್ಸು ಜೋರಾದರೆ ವೇಗದ ತಿರುಗುಣಿಯನ್ನು ನಾನೂ ಜೋರು ಮಾಡ್ತಿದ್ದೆ. ಬ್ರೇಕ್ ಹಾಕಿದರೆ ನಿಧಾನ. ಬಸ್ಸು ನಿಂತರೆ ಬಂದ್. ಡ್ರೈವರ್ ಇಳಿದು ಟೈರಿಗೆ ಒದ್ದು ನೋಡಿದ. ಕಂಡಕ್ಟರ್ ಅಡಿಗೆ ಬಗ್ಗಿ, “ಎಂತ ಇಲ್ಲ ಮಾರಾಯ” ಅಂದ. ಹೊರಟ ಕೂಡಲೇ ಮತ್ತೆ ಡುಗ್ ಡುಗ್. ಒಬ್ಬರು ಬೇರಿಂಗ್ ಅಂದರು, ಒಬ್ಬರು ಆಕ್ಸಲ್ ಅಂದರು. ನನ್ನ ಪಕ್ಕದ ಅಜ್ಜಿ ಮಾತ್ರ, “ಎಂತಾದ್ರೂ ಇರ್ಲಿ, ಲಾಯ್ಕ್ ಇದ್ದು” ಅಂದು ಕಣ್ಣು ಮುಚ್ಚಿ ತಲೆ ಆಡಿಸ್ತಿದ್ದರು.

ಮರುದಿನ ವಾಪಸ್ ಬರುವಾಗ ಅದೇ ಬಸ್ಸು. ಡ್ರೈವರ್ ಬಹಳ ಸಮಾಧಾನದಲ್ಲಿದ್ದ. “ಹೊಸ ಬೇರಿಂಗ್ ಹಾಕ್ಸಿದ್ವಿ. ಈಗ ಸೌಂಡೇ ಇಲ್ಲ. ಒಳ್ಳೆ ಮೆಕ್ಯಾನಿಕ್ಕು” ಅಂದ.

ನಾನೂ ಹೌದು ಅಂದೆ.

ಗಿರಣಿಯವರ ಪ್ರಶ್ನೆ

ಕೊಪ್ಪದ ಹಿಟ್ಟಿನ ಗಿರಣಿಯವರ ಮಗಳ ಮದುವೆ ಹತ್ತಿರ ಇತ್ತು. ಡಬ್ಬಿ ಹೊತ್ತು ಹೋಗಿ ಆನ್ ಮಾಡಿ ತೋರಿಸಿದೆ. ಅವರು ಬೆಲ್ಟ್ ಓಡ್ತಿದ್ದ ಹಾಗೇ ಕಿವಿಗೊಟ್ಟು ಪೂರ್ತಿ ಕೇಳಿದರು. ಕೇಳಿ, “ನಾನು ಇಷ್ಟು ವರ್ಷದಿಂದ ಬಾರಿಸ್ತಾ ಇರೋದೂ ಇದನ್ನೇ. ಮೇಲಿಂದ ಹಿಟ್ಟೂ ಕೊಡ್ತೀನಿ. ನಿನ್ನ ಡಬ್ಬಿ ಎಂತ ಕೊಡ್ತದೆ?” ಅಂದರು.

ಎಡಗೈ

ದೀಪಾವಳಿ ಹತ್ತಿರ ಬಂತು, ಗಿರಾಕಿ ಬರಲಿಲ್ಲ. ಅಷ್ಟರಲ್ಲಿ ಎನ್.ಆರ್.ಪುರದಲ್ಲಿ ಒಂದು ಮದುವೆ. ಊಟದ ಹೊತ್ತಿಗೆ ಸರಿಯಾಗಿ ಹಾಡಿನ ಪೆನ್‌ಡ್ರೈವ್ ಕಾಣೆಯಾಯ್ತು. ಅದು ನನ್ನ ಕಿಸೆಯಲ್ಲಿ ಕಾಣೆಯಾಗಿತ್ತು. ಬೇರೆ ದಾರಿ ಇಲ್ಲದೆ ಡಬ್ಬಿ ಜೋಡಿಸಿದೆ.

ಯಜಮಾನರು ಆಗಷ್ಟೇ ಎಲೆ ಮುಂದೆ ಕೂತಿದ್ದರು. ಪಂಕ್ತಿಯ ಮಧ್ಯೆ ಒಬ್ಬರೇ ಏಳುವ ಹಾಗಿಲ್ಲ, ಬಲಗೈ ಸಾರಿನಲ್ಲಿ. ಎಡಗೈ ಎತ್ತಿ ‘ನಿಲ್ಸು ನಿಲ್ಸು’ ಅಂತ ಬೀಸಿದರು. ನಾನು ‘ಜೋರು’ ಅಂತ ಅರ್ಥ ಮಾಡಿಕೊಂಡೆ. ಅವರು ಇನ್ನೂ ಬೀಸಿದರು. ನಾನು ಇನ್ನೂ ತಿರುಗಿಸಿದೆ.

ಬಡಿಸುವವರ ಕಾಲು ತಾಳಕ್ಕೆ ಬಿತ್ತು. ಅನ್ನ ಡುಗ್, ಹುಳಿ ಡುಗ್, ಪಲ್ಯ ಡುಗ್. ಉಣ್ಣುವವರ ಕೈಯೂ ಅದೇ ಓಟ. ಯಜಮಾನರಿಗೆ ಎಡಗೈ ಬೀಸುವುದರಲ್ಲೇ ಅರ್ಧ ಊಟ ಹೋಯ್ತು. ಅವರ ಎಲೆಗೆ ಹೋಳಿಗೆ ಬಿದ್ದು, ತುಪ್ಪ ಬೀಳುವಷ್ಟರಲ್ಲಿ ಮೇಲಿನ ತುದಿಯ ಹಿರಿಯರು ಎದ್ದೇಬಿಟ್ಟರು. ಹಿರಿಯರು ಎದ್ದರೆ ಪಂಕ್ತಿ ಏಳಲೇಬೇಕು. ಯಜಮಾನರು ಹೋಳಿಗೆಯನ್ನು ನೋಡ್ತಾ ನೋಡ್ತಾ ಎದ್ದರು.

ಕೈ ತೊಳೆಯದೆ ಸೀದಾ ನನ್ನ ಹತ್ತಿರ ಬಂದರು. “ಡಬ್ಬಿ ನಾಳೆಯೇ ಗುಜರಿಗೆ. ನೀನೂ ಅದರ ಜೊತೆಗೆ ಹೋಗು.”

ಹಿಂದಿನಿಂದಲೇ ಅಡಿಗೆ ಭಟ್ಟರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ತಾ ಬಂದರು. “ಎಲ್ಲಿ ಮಾಣಿ ಆ ಡುಗ್ ಡುಗ್ ಡಬ್ಬಿ? ಹಾಡು ಹಾಕಿದ್ರೆ ಜನ ಕೇಳ್ತಾ ಕೂರ್ತಾರೆ, ನಮಗೆ ಊಟ ಆಗೋದು ಸಂಜೆಗೆ. ಇವತ್ತು ನಮಗೂ ಬಿಸಿಯನ್ನವೇ ಸಿಗ್ತದೆ. ಬರೋ ವಾರ ಬೇಗಾರಿನ ಮದುವೆಗೆ ಇದೇ ಬೇಕು. ಮನೆಯವರಿಗೆ ನಾನೇ ಹೇಳ್ತೀನಿ.”

ನಾನು ಯಜಮಾನರ ಮುಖ ನೋಡಿದೆ. ಅವರು ಡಬ್ಬಿ ನೋಡಿದರು, ಭಟ್ಟರನ್ನು ನೋಡಿದರು.

“ಬೇಗಾರಿನಲ್ಲಿ ಹೋಳಿಗೆ ಇದೆಯಾ?”

“ಕಾಯಿ ಹೋಳಿಗೆ” ಅಂದರು ಭಟ್ಟರು.

“ಇಟ್ಕೊ” ಅಂದರು ನನಗೆ. “ಆದ್ರೆ ನಾನು ಕೂತ ಪಂಕ್ತಿಗೆ ನಿಧಾನ ಇಡಬೇಕು.”

ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕಲ್ಲ. ಬೇಗಾರಿನಲ್ಲಿ ಅವರು ಕೂತ ಕೂಡಲೇ ತಿರುಗುಣಿಯನ್ನು ಕೊನೆಯವರೆಗೆ ಹಿಂದಕ್ಕೆ ತಿರುಗಿಸಿದೆ. ಡುಗ್... ಡುಗ್... ಬಡಿಸುವವರು ಕೆರೆಯೊಳಗೆ ನಡೆದ ಹಾಗೆ ನಡೆದರು. ಅನ್ನ ಮೂರು ಸಲ ಬಂತು, ಸಾರು ಬಂತು, ಹುಳಿ ಬಂತು. ಹೋಳಿಗೆಯ ಪಾತ್ರೆ ಅಲ್ಲೆಲ್ಲೋ ಮೇಲಿನ ತುದಿಯಲ್ಲಿತ್ತು. ಯಜಮಾನರ ಹೊಟ್ಟೆ ಅನ್ನದಲ್ಲೇ ತುಂಬಿತ್ತು. ಅವರು ನನ್ನ ಕಡೆ ತಿರುಗಿ ಎಡಗೈ ಎತ್ತಿ ಬೀಸತೊಡಗಿದರು.

ಇನ್ನೂ ನಿಧಾನ ಬೇಕೇನೋ ಅಂದುಕೊಂಡೆ.