ಗುಮಾಸ್ತರು ಕಾಲು ಜಾರಿದ ಸಂಗತಿ

ಇಂಥವೆಲ್ಲ ಹುಡುಕಿಕೊಂಡು ನನ್ನ ತಲೆಗೇ ಯಾಕೆ ಬರುತ್ತವೋ ಗೊತ್ತಿಲ್ಲ. ಬೇರೆಯವರು ರಜ ಬಂದರೆ ನೆಂಟರ ಮನೆಗೆ ಹೋಗಿ, ಉಂಡು, ಮಲಗಿ, ಸುಖವಾಗಿ ತಿರುಗಿ ಬರುತ್ತಾರೆ. ನಾನು ರಜಕ್ಕೆಂದು ಹೊಸ್ತಿಲು ದಾಟಿದರೆ ಸಾಕು, ಊರಿಗೊಂದು ಕಥೆ ಹುಟ್ಟುತ್ತದೆ. ಅದರಲ್ಲೂ ಆ ಒಂದು ರಜದಲ್ಲಿ ಆದದ್ದನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಕೇಳಿದವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗುವಂಥದ್ದು ಏನಿದೆಯೋ ನನಗಂತೂ ತಿಳಿಯದು.

ಶೀ ಎಂಬ ಆಟ

ಆಗ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ದೊಡ್ಡ ಕಟ್ಟೆ ಕಟ್ಟುವ ಕೆಲಸ ನಡೆದಿತ್ತು. ನಾನು ಅಲ್ಲಿ ಒಬ್ಬ ಬಿಳಿ ಇಂಜಿನಿಯರ್ ದೊರೆಯ ಕೈಕೆಳಗೆ ಗುಮಾಸ್ತ. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಹೊಸದುರ್ಗದ ತವರಿಗೆ ಹೋಗಿದ್ದಳು. ಹೆಣ್ಣುಮಗು ಹುಟ್ಟಿದೆ ಎಂದು ಸುದ್ದಿ ಬಂದಿತ್ತು. ದೊರೆಗಳ ದೊಡ್ಡ ಹಬ್ಬದ ರಜದಲ್ಲಿ ಹೋಗಿ ಮಗುವಿನ ಮುಖ ನೋಡಿ, ತಾಯಿ ಮಗಳಿಬ್ಬರನ್ನೂ ಕರೆತರಬೇಕೆಂದು ಕಾದು ಕುಳಿತಿದ್ದೆ.

ರಜದ ಮೊದಲ ಬೆಳಿಗ್ಗೆಯೇ ದೊರೆ ಹೇಳಿಕಳಿಸಿದರು. ಹೋಗಿ ನೋಡಿದರೆ, ಬಂಗಲೆಯ ಗೋಡೆಗೆ ಸದಾ ತೂಗುಹಾಕಿರುತ್ತಿದ್ದ ಎರಡು ಉದ್ದನೆಯ ಹಲಗೆಗಳು ಅವರ ಮಡಿಲಲ್ಲಿವೆ. ಹಬ್ಬದ ದಿನ ಊರು ನೆನಪಾಗಿ ದೊರೆಯ ಕಣ್ಣು ತುಂಬಿದೆ. ಅವರ ಸೀಮೆಯಲ್ಲಿ ಈ ಕಾಲಕ್ಕೆ ಮಂಜು ಬಿದ್ದು ಗುಡ್ಡಗಳೆಲ್ಲ ಬೆಳ್ಳಗಾಗಿರುತ್ತವಂತೆ. ಜನ ಕಾಲಿಗೆ ಇಂಥ ಹಲಗೆ ಕಟ್ಟಿಕೊಂಡು ಮೇಲಿನಿಂದ ಕೆಳಕ್ಕೆ ಜಾರುತ್ತಾರಂತೆ. ಆ ಆಟದ ಹೆಸರು ‘ಶೀ’ ಅಂತೆ. ಹೆಸರು ಕೇಳಿದಾಗಲೇ ನನಗೆ ಬುದ್ಧಿ ಬರಬೇಕಿತ್ತು.

ಹಿರಿಯೂರಿನಲ್ಲಿ ಮಂಜನ್ನು ಎಲ್ಲಿಂದ ತರುವುದು? ಗುಡ್ಡದ ಇಳಿಜಾರಿನಲ್ಲಿ ಒಣಗಿ ಬಿದ್ದಿದ್ದ ಹುಲ್ಲನ್ನು ತೋರಿಸಿ, ಇದೂ ಚೆನ್ನಾಗಿ ಜಾರುತ್ತದೆ ಎಂದರು ದೊರೆ. ಹಲಗೆ ಕಟ್ಟಿಕೊಂಡು ಸುಯ್ಯೆಂದು ಇಳಿದೇಬಿಟ್ಟರು. ಕೆಳಗೆ ನಿಂತು ಟೋಪಿ ಬೀಸಿ, ಮತ್ತೆ ಮೇಲೆ ಹತ್ತಿಬಂದು ಏದುಸಿರು ಬಿಡುತ್ತ ಇಂಗ್ಲಿಷಿನಲ್ಲಿ ನನ್ನನ್ನು ಏನೋ ಕೇಳಿದರು. ದೊರೆ ಏನು ಕೇಳಿದರೂ ‘ಎಸ್ ಸರ್’ ಎನ್ನುವುದು ನನ್ನ ನಾಲಿಗೆಗೆ ರೂಢಿ. ಅಂದುಬಿಟ್ಟೆ. ನೀನೂ ಒಂದು ಸಲ ಜಾರುತ್ತೀಯಾ ಎಂದು ಅವರು ಕೇಳಿದ್ದರೆಂಬುದು ಅವರು ಬಗ್ಗಿ ನನ್ನ ಕಾಲಿಗೆ ಹಲಗೆ ಬಿಗಿಯತೊಡಗಿದ ಮೇಲೆ ತಿಳಿಯಿತು. ಬಿಳಿ ದೊರೆ ಗುಮಾಸ್ತನ ಕಾಲು ಮುಟ್ಟಿದ ಗಾಬರಿಯಲ್ಲಿ ನನಗೆ ಬೇಡವೆನ್ನಲು ಬಾಯೇ ಬರಲಿಲ್ಲ.

ಕಚ್ಚೆಪಂಚೆ, ಕೋಟು, ಪೇಟ, ಕಾಲಲ್ಲಿ ಹಲಗೆ. ಹೊರಟದ್ದು ನೆನಪಿದೆ. ಸ್ವಲ್ಪ ದೂರದಲ್ಲಿ ಪೇಟ ನನ್ನನ್ನು ಬಿಟ್ಟು ಹೋಯಿತು, ಇನ್ನು ಸ್ವಲ್ಪ ದೂರದಲ್ಲಿ ಕಚ್ಚೆ ಬಿಚ್ಚಿತು. ಗುಡ್ಡದ ಬುಡದಲ್ಲಿ ಮೇಯುತ್ತಿದ್ದ ಕುರಿಹಿಂಡು ನನ್ನನ್ನು ನೋಡಿ ಎರಡು ಪಾಲಾಗಿ ದಾರಿ ಬಿಟ್ಟಿತು. ಅದರ ಹಿಂದಿದ್ದ ಹುತ್ತ ಬಿಡಲಿಲ್ಲ. ಮೊಣಕಾಲಿನ ಕೆಳಗೆ ಎಲ್ಲೋ ಲಟಕ್ಕೆಂದ ಸದ್ದಾಯಿತು.

ಕುರಿ ಕಾಯುವ ಮುದುಕ ಓಡಿ ಬಂದ. ನನ್ನ ಕಾಲಿನ ಹಲಗೆ ನೋಡಿದ. ಗುಡ್ಡದ ಮೇಲೆ ನಿಂತಿದ್ದ ದೊರೆಯನ್ನು ನೋಡಿದ. ಹೆಗಲ ಕಂಬಳಿ ತೆಗೆದು ನನಗೆ ಹೊದಿಸಿ, ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ:

“ಅಂಥಾದ್ದೇನು ತಪ್ಪು ಮಾಡಿದ್ರಿ ಸ್ವಾಮಿ, ಕಾಲಿಗೆ ಹಲಿಗೆ ಕಟ್ಟಿ ಗುಡ್ಡದಿಂದ ನೂಕೋವಂಥಾದ್ದು?”

ನಾನು ಒಳಗೆ, ಕಾಲು ಹೊರಗೆ

ದುರ್ಗದ ಆಸ್ಪತ್ರೆಯವರೆಗೆ ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗುವುದು ಬೇಡವೆಂದು ನನ್ನ ಅವ್ವ ಐಮಂಗಲದಿಂದ ಮೂಳೆ ಕಟ್ಟುವವನನ್ನು ಕರೆಸಿದಳು. ಅವನು ಕಾಲನ್ನು ಎಳೆದು ಕೂಡಿಸಿ, ಏನೇನೋ ಮೆತ್ತಿ, ಬಿದಿರು ದಬ್ಬೆ ಇಟ್ಟು ಬಿಗಿದ. ನಾನು ಕೂಗಿದ ಕೂಗಿಗೆ ಬೀದಿಯೆಲ್ಲ ಬಾಗಿಲಿಗೆ ಬಂದಿತು. ಕಟ್ಟು ಒಣಗಿ ಕಲ್ಲಿನಂತಾದದ್ದನ್ನು ಅವ್ವ ಸಂತೋಷದಿಂದ ತಟ್ಟಿ ನೋಡಿದಳು.

“ಭಾಳ ಗಟ್ಟಿಯಾಗೈತಲ್ಲಪ್ಪ. ಏನು ಹಚ್ಚಿದ್ದು?”

“ಉದ್ದಿನ ಹಿಟ್ಟು, ಒಂದೆರಡು ಸೊಪ್ಪು, ಕೋಳಿಮೊಟ್ಟೆ ಲೋಳೆ ಕಣವ್ವ.”

ಅವ್ವ ಅಲ್ಲೇ ಕುಸಿದು ಕುಳಿತಳು. ನಮ್ಮದು ಲಿಂಗ ಕಟ್ಟಿದವರ ಮನೆ. ಮೊಟ್ಟೆ ತಿನ್ನುವುದಿರಲಿ, ಅದರ ಹೆಸರನ್ನೂ ಯಾರೂ ಎತ್ತುವುದಿಲ್ಲ. ಈಗ ಅದು ಮಗನ ಮೈಗೇ ಅಂಟಿಕೊಂಡಿದೆ. ಬಿಚ್ಚೆಂದರೆ, ಕಾಲು ಸೊಟ್ಟಗಾದರೆ ನಾನಲ್ಲ ಎಂದು ಅವನು ಎದ್ದು ಹೊರಟ. ಕೊನೆಗೆ ಅವ್ವ ಒಂದು ತೀರ್ಮಾನ ಕೊಟ್ಟಳು.

“ಇವ್ನು ಒಳಗಿರ್ಲಿ. ಕಾಲು ಹೊರಗಿರ್ಲಿ.”

ಹೊಸ್ತಿಲಿಗೆ ಕಂಬಳಿ ಹಾಸಿ ನನ್ನನ್ನು ಅಡ್ಡ ಮಲಗಿಸಿದರು. ಸೊಂಟದವರೆಗೆ ಪಡಸಾಲೆಯ ಕತ್ತಲಲ್ಲಿ ನಾನು, ಜಗಲಿಯ ಬಿಸಿಲಲ್ಲಿ ಕಾಲು. ಮಲಗಿದವರನ್ನು ದಾಟಬಾರದಲ್ಲ, ಹಾಗಾಗಿ ಮನೆಯವರು ಹಿತ್ತಲ ಬಾಗಿಲಿನಲ್ಲಿ ಓಡಾಡಿದರು. ನೋಡಲು ಬಂದವರು ಜಗಲಿಯ ಮೇಲೇ ಕಾಲಿನ ಪಕ್ಕ ಕುಳಿತು, ಕಾಲಿನ ಜೊತೆಗೇ ಮಾತಾಡಿ, ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಬೀದಿಯ ನಾಯಿಯೊಂದು ಮೊಟ್ಟೆಯ ವಾಸನೆಗೆ ಬಂದು ನೆಕ್ಕಿ ಹೋಗುತ್ತಿತ್ತು. ಅಷ್ಟು ಪ್ರೀತಿಯನ್ನು ಮನೆಯಲ್ಲಿ ಬೇರೆ ಯಾರೂ ಆ ಕಾಲಿಗೆ ತೋರಿಸಲಿಲ್ಲ.

ಹೊಳಲ್ಕೆರೆಯಿಂದ ನನ್ನ ಸೋದರಮಾವ ನೋಡಲು ಬಂದರು. ವಯಸ್ಸಾದವರು, ಕಣ್ಣು ಮಂಜು. ಕಾಲಿನ ಹತ್ತಿರ ಕುಳಿತು ಅರ್ಧ ದಿನ ಸಮಾಧಾನ ಹೇಳಿದರು. ಹೊರಡುವಾಗ ಹಿತ್ತಲಿಗೆ ಹೋಗಿ ಅವ್ವನನ್ನು ಕೇಳಿದರು:

“ಕಾಲೇನೋ ನೋಡ್ದೆ, ಪರವಾಗಿಲ್ಲ. ಹುಡುಗ ಎಲ್ಲವ್ನೆ, ಕಾಣ್ಲೇ ಇಲ್ವಲ್ಲ?”

ಕೊಬ್ಬರಿ ವ್ಯಾಪಾರಿ ಒಯ್ದ ಸುದ್ದಿ

ಹೊಸದುರ್ಗಕ್ಕೆ ಬರಲಾಗುವುದಿಲ್ಲವೆಂದು ಹೆಂಡತಿಯ ಮನೆಗೆ ತಿಳಿಸಬೇಕಿತ್ತು. ನಮ್ಮ ಬೀದಿಯ ಕೊಬ್ಬರಿ ವ್ಯಾಪಾರಿ ಅಲ್ಲಿಯ ಸಂತೆಗೆ ಹೊರಟಿದ್ದ. ಅವ್ವ ಅವನ ಬಾಯಲ್ಲಿ ಸುದ್ದಿ ಕಳಿಸಿದಳು.

“ನಮ್ಮ ಹುಡುಗ ಕಾಲು ಜಾರವ್ನೆ ಅನ್ರಿ. ಗಾಬರಿಯಾಗೋದು ಬ್ಯಾಡ. ಕಟ್ಟು ಹಾಕ್ಸಿ ಮನೇಲೇ ಇಟ್ಕಂಡಿದೀವಿ, ಇನ್ನು ಎಲ್ಲೂ ಹೋಗಾಕೆ ಬಿಡಾಕಿಲ್ಲ ಅನ್ರಿ.”

ಇದರಲ್ಲಿ ಒಂದಾದರೂ ಸುಳ್ಳಿದೆಯೇ, ನೀವೇ ಹೇಳಿ. ಸಂತೆ ಮುಗಿಸಿ ಬಂದ ವ್ಯಾಪಾರಿ ಜಗಲಿಯ ಕೆಳಗೇ ನಿಂತು ನೆಲ ನೋಡುತ್ತ ಹೇಳಿದ.

“ಹೇಳ್ದೆ ಕಣವ್ವ. ಕುರಿ ಕಾಯೋ ಮುದುಕ ಅಂದಿದ್ದೂ ಹೇಳ್ದೆ, ದೊರೆ ಸಿಟ್ಟಾಗಿ ಹಲಿಗೆ ಕಟ್ಟಿ ನೂಕಿಸಿದ್ದು. ನಿಮ್ಮ ಬೀಗಿತ್ತಿ ಭಾಳ ಅತ್ರು. ಅಂಥೋನ ಮನೆಗೆ ಮಗಳನ್ನೂ ಕಳ್ಸಲ್ಲ, ಮೊಮ್ಮಗಳನ್ನೂ ಕಳ್ಸಲ್ಲ ಅಂದ್ರು.”

ನನಗೆ ಸಿಡಿಲು ಬಡಿದಂತಾಯಿತು. ಕಾಲು ಮುರಿದ ಮಾತ್ರಕ್ಕೆ ಹೆಂಡತಿ ಮಗುವನ್ನು ಇಟ್ಟುಕೊಳ್ಳುವ ಜನವೂ ಲೋಕದಲ್ಲಿದೆಯೇ ಎಂದು ಒಳಗಿನಿಂದಲೇ ಕೂಗಾಡಿದೆ. ವ್ಯಾಪಾರಿ ಕಾಲಿನ ಕಡೆ ತಿರುಗಿ ಕನಿಕರದಿಂದ ಹೇಳಿದ.

“ಇರ್ಲಿ ಬಿಡ್ರಿ ಗುಮಾಸ್ತರೇ. ಹೆಂಡ್ತಿ ಊರಲ್ಲಿಲ್ದಾಗ ಗಂಡಸು ಒಂದೊಂದು ಸಲ ಕಾಲು ಜಾರ್ತಾನೆ. ನಾಲ್ಕು ದಿನ ಹೋದ್ರೆ ಎಲ್ಲಾ ಮರೀತಾರೆ.”

ಆಗ ಅರ್ಥವಾಯಿತು. ಗಡಬಡಿಸಿ ಏಳಲು ಹೋಗಿ ಹಿಂದಕ್ಕೆ ಬಿದ್ದೆ, ನೆಲಕ್ಕೆ ತಲೆ ಬಡಿಯಿತು. ಅವ್ವ ಮಾತ್ರ ಏನೂ ಅರಿಯದೆ ಕೇಳಿದಳು:

“ಹೆಂಡ್ತಿ ಊರಲ್ಲಿದ್ರೆ ಗುಡ್ಡ ಜಾರಾಕಿಲ್ವೇನಪ್ಪ?”

ಹೊಸದುರ್ಗದಲ್ಲಿ ವಿಚಾರಣೆ

ಕಟ್ಟು ಬಿಚ್ಚುವವರೆಗೆ ಅಲುಗಾಡಬಾರದೆಂದು ಮೂಳೆ ಕಟ್ಟಿದವನ ಕಟ್ಟಪ್ಪಣೆಯಿತ್ತು. ಯಾರು ಕೇಳುತ್ತಾರೆ? ಗಾಡಿಗೆ ಮೆದೆಹುಲ್ಲು ಹಾಸಿ ಹೊರಟೆ. ಬಿದ್ದ ಮೇಲೆ ಮನೆ ಬಿಟ್ಟದ್ದು ಅದೇ ಮೊದಲು. ಬಿಸಿಲು, ಗಾಳಿ, ದಾರಿಯ ಮರ ಯಾವುದೂ ನನಗೆ ಬೇಕಿರಲಿಲ್ಲ. ಹುಟ್ಟಿದ ಮಗಳನ್ನು ಒಂದು ಸಲವೂ ಎತ್ತಿಕೊಳ್ಳದೆ ಹೋಗುತ್ತೇನೇನೋ ಎಂಬ ಭಯವೊಂದೇ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಮಾವನವರು ಊರಿನ ಇಬ್ಬರು ಹಿರಿಯರನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಬರ್ರಿ ಎನ್ನಲಿಲ್ಲ, ಕುಂತ್ಕಳ್ರಿ ಎನ್ನಲಿಲ್ಲ. ಗಾಡಿಯಲ್ಲಿದ್ದ ನನ್ನನ್ನು ಅಲ್ಲೇ ಕೇಳತೊಡಗಿದರು.

“ಅಳಿಯಂದಿರೇ, ಸುತ್ತಿ ಬಳಸಿ ಮಾತಾಡಾಕೆ ನನಗೆ ಬರಾಕಿಲ್ಲ. ಕಾಲು ಜಾರಿದ್ದು ಹೌದಾ?”

“ಹೌದು ಮಾವನೋರೇ. ಆದ್ರೆ ನೀವು ತಿಳ್ಕಂಡಂಗಲ್ಲ.”

“ಎಲ್ಲಾರೂ ಹಂಗೇ ಅಂತಾರೆ. ಎಲ್ಲಿ?”

“ಕಣಿವೆ ಗುಡ್ಡದ ಮೇಲೆ.”

“ಹಾಡುಹಗಲು?”

“ಬೆಳಿಗ್ಗೆ.”

ಹಿರಿಯರೊಬ್ಬರು ಎದೆಯ ಮೇಲೆ ಕೈಯಿಟ್ಟುಕೊಂಡರು. ಮಾವನವರು ಬಿಡಲಿಲ್ಲ.

“ಯಾರು ಕಲಿಸಿದ್ದು?”

“ದೊರೆ. ಮೊದ್ಲು ಅವ್ರು ಜಾರಿ ತೋರಿಸಿದ್ರು.”

“ನಿಮ್ಮ ಕಣ್ಮುಂದೇನೇ?”

“ಹೌದು. ಅವ್ರ ಸೀಮೇಲಿ ಅದು ಆಟ ಮಾವನೋರೇ. ಹಬ್ಬ ಬಂದ್ರೆ ಗಂಡಸ್ರು ಹೆಂಗಸ್ರು ಎಲ್ಲಾ ಒಟ್ಟಿಗೆ ಹೋಗ್ತಾರೆ.”

“ಮನೆಯೋರಿಗೆ ಗೊತ್ತಾದ್ರೆ?”

“ಮನೆಯೋರೇ ಕರ್ಕಂಡು ಹೋಗ್ತಾರೆ.”

“ಶಿವಶಿವಾ” ಎಂದು ಇನ್ನೊಬ್ಬ ಹಿರಿಯರು ಕಣ್ಣು ಮುಚ್ಚಿಕೊಂಡರು. ಬಾಯಿಪಾಠವೆಲ್ಲ ಮರೆತುಹೋಗಿ ನಾನು ಅಳುವ ಸ್ಥಿತಿಗೆ ಬಂದೆ. ಕೊನೆಗೆ ಪಂಚೆ ಸರಿಸಿ, ದಬ್ಬೆ ಕಟ್ಟಿದ ಕಾಲನ್ನು ಗಾಡಿಯಿಂದಾಚೆ ಚಾಚಿ ತೋರಿಸಿದೆ.

“ನೋಡ್ರಿ ಮಾವನೋರೇ. ಕಾಲಿಗೆ ಹಲಗೆ ಕಟ್ಕಂಡು, ಒಣಹುಲ್ಲಿನ ಮೇಲೆ ಗುಡ್ಡದಿಂದ ಕೆಳಕ್ಕೆ ಜಾರಿದೆ. ಹುತ್ತಕ್ಕೆ ಬಡಿದು ಮೂಳೆ ಮುರೀತು. ಅಷ್ಟೇ. ಯಾವ ಹೆಂಗಸೂ ಇಲ್ಲ. ಅಲ್ಲಿದ್ದಿದ್ದು ಕುರಿ ಮಾತ್ರ.”

ಮಾವನವರು ಇಳಿದು ಬಂದು ಕಾಲನ್ನು ಮುಟ್ಟಿ ನೋಡಿದರು. ಅವರ ಮುಖ ಮೊದಲಿಗಿಂತ ಕೆಟ್ಟಿತು.

“ಯಾರಾನ ನೂಕಿದ್ರಾ?”

“ಇಲ್ಲ.”

“ಕುಡಿದಿದ್ರಾ?”

“ಛೆ, ಇಲ್ಲ.”

“ನೀವೇ? ಬುದ್ಧಿ ನೆಟ್ಟಗಿದ್ದು? ಸರ್ಕಾರಿ ಕೆಲಸದಾಗಿದ್ದು?”

“ಹೌದು ಮಾವನೋರೇ.”

ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಆ ನಗು ನನಗೆ ಗೊತ್ತಿದ್ದದ್ದೇ. ನನ್ನ ಹೆಂಡತಿ ಹಿರಿಯರ ಮುಂದೆ ಹಾಗೆಲ್ಲ ಬರುವವಳಲ್ಲ. ಅಂದು ಬಂದಳು. ಅತ್ತು ಅತ್ತು ಊದಿದ ಕಣ್ಣಲ್ಲಿ ನಗುತ್ತ, ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಮಗು ನನ್ನ ಮೀಸೆ ಹಿಡಿಯಿತು. ನನಗೆ ಕಾಲು ಇದೆಯೆಂಬುದೇ ಮರೆತುಹೋಯಿತು.

“ಈ ಗಾಡೀಲೇ ನಾನೂ ಹೊರಡ್ತೀನಿ ಅಪ್ಪಯ್ಯ” ಎಂದಳು ತಂದೆಗೆ. “ಇವ್ರನ್ನ ಒಬ್ರನ್ನೇ ಬಿಟ್ರೆ ಇನ್ನೊಂದು ಕಾಲೂ ಉಳಿಯಾಕಿಲ್ಲ.”

ಹಿರಿಯರಿಬ್ಬರೂ ಎದ್ದು ಹೊರಟರು. ಮಾವನವರು ಬರಿಗಾಲಲ್ಲಿ ಬೀದಿಗೆ ಓಡಿ ಅವರಿಬ್ಬರ ಕೈಯನ್ನೂ ಹಿಡಿದುಕೊಂಡರು. ಅವರು ಹೇಳಿದ್ದು ಗಾಡಿಯಲ್ಲಿದ್ದ ನನಗೂ ಕೇಳಿಸಿತು.

“ಈ ಹಲಿಗೆ ವಿಷಯ ಊರಲ್ಲಿ ಎತ್ತಬ್ಯಾಡ್ರಪ್ಪ, ಮನೆ ಮರ್ಯಾದೆ ಹೋಗ್ತೈತೆ. ಯಾರಾನ ಕೇಳಿದ್ರೆ, ಯಾವಳೋ ಒಬ್ಳು ಇದ್ಳಂತೆ ಅಂದ್ಬಿಡ್ರಿ.”