ಹಜಾರದಲ್ಲಿ ಬೀಡುಬಿಟ್ಟಿರುವ ನಮ್ಮ ಹೊಸ ಕಮೋಡಿನವರ ಘನ ಸನ್ನಿಧಿಗೆ

ಮಾನ್ಯರೇ,

ಬಿಳಿ ಮೈಯವರೂ, ನುಣುಪು ಅಂಚಿನವರೂ, ಈ ಮನೆಗೆ ಬಂದಾಗಿನಿಂದ ಒಂದು ತೊಟ್ಟು ನೀರನ್ನೂ ಕಾಣದೆ ಪರಮ ಶುಚಿಯಾಗಿ ಉಳಿದಿರುವವರೂ ಆದ ತಮಗೆ ಈ ಮನೆಯ ಮೊಮ್ಮಗಳ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಅದನ್ನು ಬೇರೆಯಾಗಿ ವಿಚಾರಿಸುವುದಿಲ್ಲ. ನಮ್ಮ ಕ್ಷೇಮದ ಬಗ್ಗೆ ಹೇಳಬೇಕೆಂದರೆ, ಅಜ್ಜಿ, ಅಪ್ಪ, ಅಮ್ಮ ಮತ್ತು ನಾನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಶೌಚಾಲಯದ ದಯೆಯಿಂದ ಬದುಕಿಕೊಂಡಿದ್ದೇವೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಮುಚ್ಚಳದಡಿ ಗುಟ್ಟಾಗಿ ಒಂದು ಚೀಟಿ ಇಡಬಹುದಿತ್ತು. ಆದರೆ ಮುಚ್ಚಿಟ್ಟ ಅನ್ಯಾಯ ನಾರುತ್ತದೆ, ತೆರೆದಿಟ್ಟ ಅನ್ಯಾಯ ಒಣಗುತ್ತದೆ ಎಂದು ನಾನು ಓದುವ ಕರಪತ್ರವೊಂದು ಹೇಳುತ್ತದೆ, ಮತ್ತು ತಮ್ಮ ವೃತ್ತಿಯಲ್ಲಿರುವವರಿಗೆ ಈ ಮಾತನ್ನು ವಿವರಿಸುವ ಅಗತ್ಯವಿಲ್ಲ. ಅಲ್ಲದೆ ತಮ್ಮ ಮುಚ್ಚಳ ಎತ್ತುವುದು ಈಗ ಯಾರಿಂದಲೂ ಆಗದ ಕೆಲಸ. ಅದರ ಮೇಲೆ ಅಜ್ಜಿ ಕೂತಿದ್ದಾಳೆ.

ತಮ್ಮ ನೇಮಕ ಯಾವ ಹುದ್ದೆಗೆ ಆದದ್ದು ಎಂಬುದನ್ನು ತಾವು ಮರೆತಿರಬಹುದೆಂಬ ಅನುಮಾನದಿಂದ ನೆನಪಿಸುತ್ತಿದ್ದೇನೆ. ಅಡುಗೆಮನೆಯ ಹಿಂದೆ, ಕಿರಿದಾದ ಓಣಿಯ ಕೊನೆಗೆ, ಬಾಗಿಲ ಕೆಳತುದಿಯನ್ನು ನೀರು ತಿಂದು ಗರಗಸದ ಹಲ್ಲಿನಂತೆ ಮಾಡಿರುವ ಒಂದು ಕೋಣೆಯಿದೆ. ಅಲ್ಲಿ ತಮಗಿಂತ ಮುಂಚೆ, ಕುಕ್ಕರುಗಾಲಿನಲ್ಲಿ ಕೂರಬೇಕಾದ ಹಳೆಯ ಬೇಸಿನ್ನಿನವರು ಅಧಿಕಾರದಲ್ಲಿದ್ದರು. ಅವರ ಮೈಮೇಲೆ ನಕ್ಷೆಯ ನದಿಗಳಂತೆ ಬಿರುಕುಗಳಿದ್ದವು. ಮೇಲಿನ ಟ್ಯಾಂಕಿನ ಸರಪಳಿ ಎಂದೋ ತುಂಡಾಗಿ, ಅದರ ಜಾಗದಲ್ಲಿ ಪೈಜಾಮದ ಲಾಡಿಯೊಂದು ಜೋತಾಡುತ್ತಿತ್ತು, ಏಕೆಂದರೆ ನನ್ನ ಅಪ್ಪ ದರ್ಜಿ. ಎಳೆದರೆ ಒಮ್ಮೊಮ್ಮೆ ನೀರು ಬರುತ್ತಿತ್ತು, ಒಮ್ಮೊಮ್ಮೆ ಲಾಡಿಯೇ ಬರುತ್ತಿತ್ತು. ಆದರೂ ಎಲ್ಲರಿಗೂ ಒಂದೇ ಸಮನಾಗಿ ತೊಂದರೆ ಕೊಡುತ್ತಿದ್ದರೆಂಬ ಕಾರಣಕ್ಕೆ ಅವರ ಮೇಲೆ ನನಗೆ ತಾತ್ವಿಕವಾದ ಗೌರವವಿತ್ತು.

ಆ ಸಮಾನತೆ ಮುರಿದು ಬಿದ್ದದ್ದು ಅಜ್ಜಿಯ ಮಂಡಿಗಳಲ್ಲಿ. ಒಂದು ದಿನ ಅವಳು ಅಲ್ಲಿ ಕೂತವಳು ಏಳಲಾರದೆ, ನಲ್ಲಿ ಹಿಡಿದು ಮೇಲೇಳಲು ಹೋಗಿ, ನಲ್ಲಿಯೇ ಕಿತ್ತು ಕೈಗೆ ಬಂದು, ಚಿಮ್ಮುವ ನೀರಿನ ನಡುವೆಯಿಂದ "ಯಾರಾದ್ರೂ ಬನ್ನಿ, ಆದ್ರೆ ಕಣ್ಣು ಮುಚ್ಕೊಂಡು ಬನ್ನಿ!" ಎಂದು ಕೂಗಿದಳು. ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಕುಡಿದರೆ ತಾನೇ ಹೋಗಬೇಕಾಗುವುದು ಎಂಬುದು ಅವಳ ತರ್ಕ. ತುಟಿ ಒಡೆಯಿತು, ತಲೆ ತಿರುಗತೊಡಗಿತು. ಡಾಕ್ಟರು ಅವಳ ಮುಂಗೈಯ ಚರ್ಮ ಹಿಡಿದೆತ್ತಿ ನೋಡಿ, "ಅಜ್ಜಿ, ಹೀಗೇ ನೀರು ಬಿಟ್ರೆ ಮುಂದಿನ ಸಲ ನೀವಾಗಿ ಬರಲ್ಲ, ನಿಮ್ಮನ್ನ ಎತ್ಕೊಂಡು ಬರ್ತಾರೆ" ಅಂದರು. ಅಜ್ಜಿ ವಿಧೇಯಳಾಗಿ ತಲೆಯಾಡಿಸಿ, ಮನೆಗೆ ಬಂದು, ತುಟಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಟ್ಟಳು. ಲೋಕದಲ್ಲಿ ಸುಲಭವಾದದ್ದಕ್ಕೆಲ್ಲ ‘ನೀರು ಕುಡಿದಷ್ಟು ಸುಲಭ’ ಎನ್ನುವವರನ್ನು ನಾನು ಆಮೇಲೆ ಕ್ಷಮಿಸಿಲ್ಲ.

ಆಗ ನಾನು ಮನೆಯೊಳಗೆ ಚಳವಳಿ ಹೂಡಿದೆ. ಶೌಚಾಲಯದ ಬಾಗಿಲಿಗೆ ‘ಇನ್ನು ಯಾರ ಮುಂದೆಯೂ ಮಂಡಿ ಮಡಚೆವು’ ಎಂಬ ಭಿತ್ತಿಪತ್ರ ಅಂಟಿಸಿದೆ. ಅದು ಕಳಚಿ ಬಿದ್ದಾಗ ಅಪ್ಪ ಅದರ ಬೆನ್ನ ಮೇಲೆ ಗಿರಾಕಿಯೊಬ್ಬರ ಪ್ಯಾಂಟಿನ ಅಳತೆ ಬರೆದುಕೊಂಡ. ಊಟ ಬಿಟ್ಟು ಕೂತೆ. ಅಮ್ಮ "ಒಳ್ಳೇದಾಯ್ತು, ಮಿಕ್ಕಿದ್ದು ನಾಳೆಗಾಯ್ತು" ಎಂದು ಪಾತ್ರೆ ಮುಚ್ಚಿದಳು. ನನ್ನ ಘೋಷಣೆಗಳಿಗಿಂತ ಡಾಕ್ಟರರ ಮಾತೇ ಅಪ್ಪನನ್ನು ಹೆಚ್ಚು ಚುಚ್ಚಿತೆಂಬುದನ್ನು ಒಪ್ಪಿಕೊಳ್ಳಬೇಕು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, ಟೇಪನ್ನು ಕೊರಳಿಗೆ ಹಾಕಿಕೊಂಡು ಓಣಿಯ ಕಡೆ ನಡೆದ.

ಮಾನ್ಯರೇ, ತಮ್ಮ ಇಂದಿನ ವೈಭವದ ಮೂಲ ಇಲ್ಲಿದೆ. ಗೋಡೆಯಿಂದ ನೆಲದ ತೂತಿಗೆ ಎಷ್ಟು ದೂರವೆಂದು ಅಳೆದುಕೊಂಡು ಬನ್ನಿ, ಅದಕ್ಕೆ ಹೊಂದುವ ಕಮೋಡು ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಅಪ್ಪ ಕೂದಲೆಳೆಯಷ್ಟೂ ತಪ್ಪದೆ ಅಳೆದ. ಬರೆಯುವಾಗ ಮಾತ್ರ ಎರಡು ಇಂಚು ಸೇರಿಸಿ ಬರೆದ. ಅವನು ಜೀವಮಾನದಲ್ಲಿ ಯಾರ ಅಳತೆಯನ್ನೂ ಇದ್ದ ಹಾಗೆ ಬರೆದವನಲ್ಲ. ಮಕ್ಕಳು ಬೆಳೆಯುತ್ತಾರೆ, ಗಂಡಸರು ಊದಿಕೊಳ್ಳುತ್ತಾರೆ, ಬಟ್ಟೆ ಒಗೆದರೆ ಕುಗ್ಗುತ್ತದೆ. ಆದ್ದರಿಂದ ಎಲ್ಲದಕ್ಕೂ ಸ್ವಲ್ಪ ಲೂಸು ಬಿಡುವುದು ಅವನ ವೃತ್ತಿಧರ್ಮ. ನನ್ನ ಶಾಲೆಯ ಯೂನಿಫಾರಂ ನನಗೆ ಸರಿಹೊಂದುವ ಹೊತ್ತಿಗೆ ನಾನು ಶಾಲೆ ಮುಗಿಸಿದ್ದೆ.

ತಾವು ದಯಮಾಡಿಸಿದ ದಿನ ಪ್ಲಂಬರ್ ಕೂಡ ಬಂದರು. ಅವರನ್ನು ನಮ್ಮ ಬೀದಿಯವರು ನಾಳೆಯಪ್ಪ ಎಂದು ಕರೆಯುತ್ತಾರೆ, ಕಾರಣ ಹೇಳಬೇಕಾಗಿಲ್ಲ. ‘ಹಳತು ಪೂರ್ತಿ ಉರುಳದೆ ಹೊಸತು ನಿಲ್ಲದು’ ಎಂಬ ಸಾಲನ್ನು ನಾನು ಗಟ್ಟಿಯಾಗಿ ಓದುತ್ತಿದ್ದಂತೆ ಅವರು ಹಳೆಯ ಬೇಸಿನ್ನಿನವರನ್ನು ಚೂರುಚೂರು ಮಾಡಿ ಗೋಣಿಚೀಲಕ್ಕೆ ತುಂಬಿದರು. ಆಮೇಲೆ ತಮ್ಮನ್ನು ಎತ್ತಿ ತಂದು ತೂತಿನ ಮೇಲೆ ಇಡಲು ನೋಡಿದರೆ, ತೂತಿಗೆ ಸರಿಯಾಗಿ ಕೂರಬೇಕಾದರೆ ತಮ್ಮ ಬೆನ್ನು ಎರಡು ಇಂಚು ಗೋಡೆಯೊಳಗೆ ಹೋಗಬೇಕಾಗಿತ್ತು.

"ಅಳತೆ ಯಾರ್ರೀ ಕೊಟ್ಟಿದ್ದು?" ಎಂದರು ನಾಳೆಯಪ್ಪ.

"ನಾನೇ. ಒಂಚೂರು ಲೂಸು ಇರ್ಲಿ ಅಂತ," ಎಂದ ಅಪ್ಪ.

"ಕಮೋಡೇನು ಬೆಳೆಯೋ ಹುಡುಗನಾ?"

"ಹಾಗಲ್ಲ, ಎರಡು ಕಡೆ ಸ್ವಲ್ಪ ಒಳಗೆ ಹಿಡಿದ್ರೆ ಕೂರಲ್ವಾ ಅಂತ."

"ಪಿಂಗಾಣಿ ಸ್ವಾಮಿ ಇದು! ಹೊಲಿಗೆ ಬಿಚ್ಚಿ ಮತ್ತೆ ಹಾಕೋಕೆ ಬರಲ್ಲ."

ಗೋಡೆ ಕೆತ್ತಿದರೆ ತಾವು ಅತ್ತ ಕಡೆ ಮೇಷ್ಟ್ರ ಪುಸ್ತಕದ ಕಪಾಟಿಗೆ ಇಣುಕುತ್ತೀರಿ. ಆದ್ದರಿಂದ ನೆಲ ಅಗೆದು ತೂತನ್ನೇ ಸರಿಸಬೇಕು, ಅದನ್ನು ನಾಳೆ ಮಾಡೋಣ ಎಂದು ನಾಳೆಯಪ್ಪ ಹೊರಟುಹೋದರು. ಅಂಗಡಿಗೆ ಹೋಗಿ ಕೇಳಿದರೆ, "ಒಂದ್ಸಲ ಮನೆಯೊಳಗೆ ಹೋದ ಕಮೋಡನ್ನ ವಾಪಸ್ ತಗೊಳ್ಳಲ್ಲ, ಯಾಕೆ ಅಂತ ನಮ್ಮ ಬಾಯಲ್ಲಿ ಹೇಳಿಸ್ಬೇಡಿ" ಅಂದರು. ಹೀಗೆ ತಾವು ಹುದ್ದೆಗೆ ಹಾಜರಾಗದೆ, ಹಜಾರದ ಕಿಟಕಿಯ ಪಕ್ಕ, ಇಸ್ತ್ರಿ ಮೇಜಿನ ಎದುರು ತಾತ್ಕಾಲಿಕವಾಗಿ ತಂಗಿದಿರಿ. ತಾತ್ಕಾಲಿಕ ಎಂಬ ಪದದ ಆಯುಸ್ಸು ಎಷ್ಟೆಂಬುದನ್ನು ತಾವು ಎಲ್ಲ ಅಧಿಕಾರಿಗಳಂತೆ ಚೆನ್ನಾಗಿಯೇ ಬಲ್ಲಿರಿ.

ನಮ್ಮ ಹಜಾರವೇ ಅಪ್ಪನ ಅಂಗಡಿ. ಅಲ್ಲಿರುವ ಒಂದೇ ಕುರ್ಚಿ ಗಿರಾಕಿಗಳದ್ದು. ಸ್ಟೂಲು ಅಪ್ಪನದ್ದು. ಅಮ್ಮ ಇಸ್ತ್ರಿ ಮೇಜಿನ ಮುಂದೆ ನಿಂತೇ ಇರುತ್ತಾಳೆ. ಅಜ್ಜಿ ಬಾಗಿಲ ಪಕ್ಕ ನೆಲದ ಮೇಲೆ ಕೂತು, ಗುಂಡಿ ಹಚ್ಚುತ್ತ ಕಾಜಾ ಮಾಡುತ್ತ ಇರುವವಳು. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ಬೆಳಕು ಸಾಲದೆ ಕಿಟಕಿಯ ಬಳಿ ಹೋದವಳು, ಸುಮ್ಮನೆ ತಮ್ಮ ಮುಚ್ಚಳದ ಮೇಲೆ ಕೂತಳು. ದಾರ ಪೋಣಿಸಿಯಾಯಿತು. ಅಮ್ಮ ಏನಕ್ಕೋ ಕರೆದಳು. ಅಜ್ಜಿ "ಬಂದೆ" ಎಂದು ಎದ್ದು ನಿಂತಳು. ಯಾರ ಕೈ ಹಿಡಿಯದೆ, ಗೋಡೆ ತಡವದೆ, ‘ಅಮ್ಮಾ’ ಎನ್ನದೆ. ಅಪ್ಪನ ಯಂತ್ರ ನಿಂತಿತು. ಅಜ್ಜಿ ಮತ್ತೆ ಕೂತಳು, ಮತ್ತೆ ಎದ್ದಳು, ಏನೋ ಮೋಸವಿರಬೇಕೆಂಬಂತೆ ತಮ್ಮನ್ನು ತಿರುಗಿ ನೋಡಿದಳು.

ಆ ಕ್ಷಣದಿಂದ ತಮ್ಮ ಆಳ್ವಿಕೆ ಶುರುವಾಯಿತು. ಅಪ್ಪ ಉಳಿದ ಕೆಂಪು ವೆಲ್ವೆಟ್ಟಿನಲ್ಲಿ ತಮಗೊಂದು ಹೊದಿಕೆ ಹೊಲಿದು, ಸುತ್ತ ನೆರಿಗೆ ಇಟ್ಟ. ಬರುವ ಗಿರಾಕಿಗಳು ಮೊದಲು ಕಿಟಕಿಯ ಕಡೆ ಕೈಮುಗಿದು ಆಮೇಲೆ ಅಳತೆಗೆ ನಿಲ್ಲುವುದು ರೂಢಿಯಾಯಿತು. ಆ ಎತ್ತರದಿಂದ ಅಜ್ಜಿ "ಆ ಕಾಲರು ನಿನ್ನ ಮುಖಕ್ಕೆ ಆಗಲ್ಲಪ್ಪ" ಎಂದರೆ ಕಾಲರು ಬದಲಾಗುತ್ತದೆ. ಮೇಷ್ಟ್ರು ಹೆಂಡತಿಯೊಡನೆ ಆದ ಜಗಳದ ತೀರ್ಪಿಗೆ ಬಂದು, ಗಿರಾಕಿಗಳ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಾರೆ. "ಎಂಥ ಚೆಂದದ ಕುರ್ಚಿ, ಎಲ್ಲಿ ತಂದ್ರಿ?" ಎಂದು ರವಿಕೆ ಹೊಲಿಸಲು ಬಂದ ಹೆಂಗಸೊಬ್ಬರು ಕೇಳಿದಾಗ ಅಮ್ಮ ಇಸ್ತ್ರಿ ನಿಲ್ಲಿಸದೆ "ನಲ್ಲಿ ಪೈಪು ಮಾರ್ತಾರಲ್ಲ, ಅಲ್ಲೇ" ಅಂದಳು.

ಎಲ್ಲ ಮನುಷ್ಯರೂ ಒಂದೇ ಎತ್ತರದಲ್ಲಿ ಕೂರುವ ದಿನಕ್ಕಾಗಿ ಬದುಕುತ್ತಿರುವ ನಾನು, ನನ್ನದೇ ಹಜಾರದಲ್ಲಿ, ಅದೂ ಕಿಟಕಿಯ ಬೆಳಕನ್ನು ಆಕ್ರಮಿಸಿ, ಒಂದು ರಾಜಪ್ರಭುತ್ವ ತಲೆಯೆತ್ತಿದ್ದನ್ನು ಹೇಗೆ ಸಹಿಸಲಿ? ಆದರೂ ಸಹಿಸುತ್ತಿದ್ದೆ. ಸಹಿಸಲಾಗದ್ದು ಬೇರೆ. ಮೇಷ್ಟ್ರ ಮನೆಗೆ ಹೋಗಲು ಕಡಿದಾದ ಮೆಟ್ಟಿಲು ಹತ್ತಬೇಕು. ಅದಕ್ಕೆ ಹೆದರಿ ಅಜ್ಜಿ ಇನ್ನೂ ತುಟಿ ಒದ್ದೆ ಮಾಡಿಕೊಂಡೇ ದಿನ ನೂಕುತ್ತಿದ್ದಾಳೆ. ಹಗಲೆಲ್ಲ ಕಮೋಡಿನ ಮೇಲೆ ಕೂತು, ಮನೆಯಲ್ಲಿ ಕಮೋಡಿಲ್ಲವೆಂದು ನೀರು ಬಿಟ್ಟಿರುವ ಮನುಷ್ಯಳನ್ನು ತಾವು ಬೇರೆಲ್ಲಾದರೂ ಹೊತ್ತಿದ್ದೀರಾ? ಅವಳ ಒಣಗಿದ ಗಂಟಲು ತಮ್ಮಿಂದ ಎರಡಡಿ ಮೇಲಿದೆ. ತಮಗೆ ಕೇಳಿಸುವುದಿಲ್ಲವೇ?

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಸ್ವಂತ ಇಚ್ಛೆಯಿಂದ ಎರಡು ಇಂಚು ಕುಗ್ಗಿ ಒಳಗೆ ನಡೆಯಬೇಕೆಂದು ಪ್ರಾರ್ಥಿಸುತ್ತೇನೆ. ಕುಗ್ಗುವುದು ಘನತೆಗೆ ಕುಂದೆನಿಸಿದರೆ, ಹಗಲು ಹಜಾರದಲ್ಲಿದ್ದು ಅಜ್ಜಿ ಗಂಟಲು ಸರಿಮಾಡಿಕೊಂಡ ಕೂಡಲೇ ಓಣಿಗೆ ಧಾವಿಸುವ ಅಭ್ಯಾಸವನ್ನಾದರೂ ಮಾಡಿಕೊಳ್ಳಿ. ಅದೂ ಆಗದಿದ್ದರೆ ತಾವು ಇರುವಲ್ಲೇ ಇರಿ, ಮನೆಯನ್ನು ತಮ್ಮ ಸುತ್ತ ತಿರುಗಿಸಿಕೊಡಲು ಸಂಬಂಧಪಟ್ಟವರಿಗೆ ಶಿಫಾರಸು ಮಾಡಿ. ತಮ್ಮಂಥವರ ಮಾತು ನಡೆಯುತ್ತದೆ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಆಮೇಲೆ ನಡೆದದ್ದನ್ನು ಸೇರಿಸದೆ ಪತ್ರ ಮುಗಿಸುವುದು ಪ್ರಾಮಾಣಿಕವಾಗುವುದಿಲ್ಲ. ಮೊನ್ನೆ ಬೆಳಿಗ್ಗೆ, ಬೀದಿಯೆಲ್ಲ ಬೆರಗಾಗುವಂತೆ, ನಾಳೆಯಪ್ಪ ಸುತ್ತಿಗೆ ಉಳಿಗಳೊಡನೆ ಬಂದು "ಇವತ್ತು ತೂತು ಸರಿಸ್ಬಿಡ್ತೀನಿ, ಅಜ್ಜಿ ಸ್ವಲ್ಪ ಏಳಿ" ಅಂದರು. ಅಜ್ಜಿ ಏಳಲಿಲ್ಲ. ಗುಂಡಿ ಹಚ್ಚುವುದನ್ನೂ ನಿಲ್ಲಿಸಲಿಲ್ಲ.

"ಅಮ್ಮ, ನಿನಗೇ ಅಂತ ತಂದಿದ್ದಲ್ವಾ? ಒಳಗೆ ಹಾಕಿಸ್ತೀವಿ," ಎಂದ ಅಪ್ಪ.

"ಒಳಗೆ ಹಾಕಿದ್ರೆ ಎಲ್ರದ್ದೂ ಆಗುತ್ತೆ. ಇಲ್ಲಿದ್ರೆ ನನ್ನದು."

ನಾನು ಸುಮ್ಮನಿರಬೇಕಾಗಿತ್ತು. ಆದರೆ ಇಂಥ ಗಳಿಗೆಗಾಗಿಯೇ ಓದಿಕೊಂಡಿದ್ದೇನೆ ಎಂದುಕೊಂಡು ಮುಂದೆ ಬಂದು, "ಅಜ್ಜಿ, ಸಿಂಹಾಸನಗಳ ಕಾಲ ಮುಗೀತು" ಎಂದೆ.

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. "ನನ್ನದಿನ್ನೂ ಶುರುವೇ ಆಗಿರ್ಲಿಲ್ಲವಲ್ಲೇ. ಮದುವೆಯಾಗಿ ಈ ಮನೆಗೆ ಬಂದಾಗಿಂದ ನೆಲದ ಮೇಲೇ ಇದ್ದೀನಿ. ಬಂದವರಿಗೆ ಕುರ್ಚಿ, ದುಡಿಯೋನಿಗೆ ಸ್ಟೂಲು. ನನಗೆ ಏನು ಅಂತ ಯಾವತ್ತಾದ್ರೂ ಕೇಳಿದ್ರಾ? ನಿನ್ನ ಪುಸ್ತಕದಲ್ಲಾದ್ರೂ ಇದೆಯಾ, ಅಜ್ಜಿ ಎಲ್ಲಿ ಕೂರ್ತಾಳೆ ಅಂತ?"

ಇಲ್ಲ, ಮಾನ್ಯರೇ. ಭೂಮಿಯ ಹಂಚಿಕೆಯಿಂದ ಹಿಡಿದು ಬಿಡುವಿನ ಹಂಚಿಕೆಯವರೆಗೆ ನನ್ನ ಕರಪತ್ರಗಳಲ್ಲಿ ಎಲ್ಲವೂ ಇದೆ, ಇದೊಂದಿಲ್ಲ. ಅಪ್ಪ ಸ್ಟೂಲಿನಿಂದ ಎದ್ದು ನಿಂತ. ಕೊನೆಗೆ ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, "ಇದು ಇಲ್ಲೇ ಇರುತ್ತೆ. ಒಳಗೆ ಹಾಕೋಕೆ ಇನ್ನೊಂದು ತನ್ನಿ. ಈ ಸಲ ಅಳತೆ ನಾಳೆಯಪ್ಪನೋರೇ ತಗೊಳ್ಲಿ" ಅಂದಳು.

ಸಂಜೆಗೆ ಇನ್ನೊಬ್ಬರು ಬಂದರು: ಗಿಡ್ಡನೆಯವರು, ಸಾದಾ ಮುಚ್ಚಳದವರು, ಕೊಟ್ಟ ಜಾಗದಲ್ಲಿ ಒಂದೇ ಸಲಕ್ಕೆ ಕೂತವರು. ಸಿಮೆಂಟು ಒಣಗುವವರೆಗೆ ಯಾರೂ ಮುಟ್ಟಬಾರದೆಂದು ಅಪ್ಪಣೆಯಾಯಿತು. ಇವತ್ತು ಬೆಳಿಗ್ಗೆ ಒಣಗಿತು. ಅಜ್ಜಿ ತಮ್ಮ ಮೇಲೆ ಕೂತೇ ನನ್ನನ್ನು ಕರೆದು, "ಒಂದು ಲೋಟ ನೀರು ಕೊಡೇ. ಅದಲ್ಲ, ಆ ದೊಡ್ಡದು" ಅಂದಳು. ತಲೆ ಹಿಂದಕ್ಕೆ ಹಾಕಿ ತಳ ಕಾಣುವವರೆಗೆ ಕುಡಿದಳು. ಇನ್ನೊಂದು ಕೇಳಿದಳು. ಅದನ್ನೂ ಮುಗಿಸಿ ಸ್ವಲ್ಪ ಹೊತ್ತು ಗುಂಡಿ ಹಚ್ಚಿ, ಆಮೇಲೆ ಯಾರನ್ನೂ ಕರೆಯದೆ ಎದ್ದು ಓಣಿಯ ಕಡೆ ಹೋದಳು. ನಾವು ಮೂವರೂ ಕೆಲಸ ಮಾಡುವವರ ಹಾಗೆ ನಟಿಸುತ್ತ ಕಿವಿಗೊಟ್ಟೆವು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಬಹಳ ಹೊತ್ತು ಕೂಗು ಏನೂ ಬರಲಿಲ್ಲ. ಬಂದದ್ದು ಅಜ್ಜಿ ಗುನುಗುವ ಸದ್ದು.

ಆದಕಾರಣ ತಮ್ಮನ್ನು ಒಳಗೆ ಕಳುಹಿಸಬೇಕೆಂಬ ನನ್ನ ಬೇಡಿಕೆಯನ್ನು ಹಿಂಪಡೆಯುತ್ತಿದ್ದೇನೆ. ರಾಜಪ್ರಭುತ್ವದ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಆದರೆ ಒಬ್ಬಳೇ ಒಬ್ಬಳ ವಿಷಯದಲ್ಲಿ, ಅವಳ ಮಂಡಿಗಳು ಇರುವವರೆಗೆ, ಕಣ್ಣುಮುಚ್ಚಿ ಕೂರಲು ತೀರ್ಮಾನಿಸಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಇನ್ನೂ ನೆಲದ ಮೇಲೆಯೇ ಕೂತು ಬರೆಯುತ್ತಿರುವ
ದರ್ಜಿಯ ಮಗಳು

ತಾ.ಕ.: ಒಳಗೆ ಸೇರಿರುವ ತಮ್ಮ ಸಹೋದ್ಯೋಗಿಗೆ ತಮ್ಮಷ್ಟೇ ವಿದ್ಯಾರ್ಹತೆ, ತಮ್ಮದೇ ಕಾರ್ಖಾನೆಯ ಮುದ್ರೆ. ಮನೆಯವರೆಲ್ಲರ ಭಾರ ಹೊರುವ ಅವರಿಗೆ ಕಿಟಕಿಯಿಲ್ಲದ ಕೋಣೆ. ಏನೂ ಮಾಡದ ತಮಗೆ ವೆಲ್ವೆಟ್ಟು, ಬೆಳಕು, ಗಿರಾಕಿಗಳ ಕೈಮುಗಿತ. ಈ ಏರ್ಪಾಡು ಎಲ್ಲಿಂದ ಕಲಿತಿರಿ ಎಂದು ಅವರೇನಾದರೂ ತಮ್ಮನ್ನು ಕೇಳಿದರೆ, ಊರಿನ ಯಾವ ಕಚೇರಿಯ ಹೆಸರನ್ನಾದರೂ ಹೇಳಿ, ಅವರು ನಂಬುತ್ತಾರೆ.