ಕರಬಸಪ್ಪ ಒಂದೇ ದಿನಕ್ಕೆ ಕಲಾವಿದನಾದದ್ದು

ಕರಬಸಪ್ಪನಿಗೆ ಓದುವುದೊಂದನ್ನು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಇದು ಇಷ್ಟು ದೊಡ್ಡ ತಪ್ಪೆಂದು ಅವನಿಗೆ ಗೊತ್ತಾದದ್ದು ಹನ್ನೊಂದನೇ ಇಯತ್ತೆಯ, ಅಂದರೆ ಮ್ಯಾಟ್ರಿಕ್ಕಿನ, ಕೊನೆಗೆ, ಒಂದು ಶನಿವಾರ ಬೆಳಿಗ್ಗೆ, ಸವಣೂರಿನ ತನ್ನ ಹೈಸ್ಕೂಲಿನ ಹೆಡ್ ಮಾಸ್ತರರ ಕೋಣೆಯಲ್ಲಿ.

"ಧಾರವಾಡದ ಬೋರ್ಡಿಂಗಿನ ಅಂದಾನಪ್ಪನವರು ಇವತ್ತ ಸಂಜಿಕ ಸಾಲಿಗೆ ಬರಾಕತ್ತಾರ," ಎಂದರು ಹೆಡ್ ಮಾಸ್ತರರು. "ವಿದ್ಯಾರ್ಥಿವೇತನಕ್ಕ ಹುಡುಗರನ್ನ ಆರಸವ್ರು ಅವ್ರ. ನಿನ್ನ ಮಾರ್ಕ್ಸಿನ ಚಿಂತಿ ನನಗಿಲ್ಲ. ಆದ್ರ ಅವ್ರು ಹೋದಲ್ಲೆಲ್ಲ ಒಂದ ಮಾತು ಕೇಳ್ತಾರಂತ, ಹುಡುಗ ಓದೂದು ಬಿಟ್ಟು ಮತ್ತೇನು ಮಾಡ್ತಾನ ಅಂತ. ನೀ ಏನ್ ಮಾಡ್ತಿ?"

ಕರಬಸಪ್ಪ ಬಹಳ ಹೊತ್ತು ಯೋಚಿಸಿದ. "ಎಮ್ಮಿಗೆ ನೀರು ಕುಡಸ್ತೇನ್ರಿ ಸರ."

"ಅದಲ್ಲೋ. ಆಟ, ಹಾಡು, ನಾಟಕ, ಇಂಥಾದ್ದು."

"ಇಲ್ರಿ."

"ಸಂಜೀತನಕ ಹೊತ್ತೈತಿ. ಎಲ್ಲೇರ ಹೋಗಿ ಏನರ ಕಲತುಕೊಂಡು ಬಾ," ಎಂದು ಹೆಡ್ ಮಾಸ್ತರರು ಅವನನ್ನು ಹೊರಗೆ ಕಳಿಸಿದರು. ಅಂಗಡಿಗೆ ಹೋಗಿ ಕಾಲು ಸೇರು ಸಕ್ಕರೆ ತರಲು ಹೇಳಿದ ಹಾಗಿತ್ತು ಅವರ ಮಾತು.

ವಿದ್ಯಾರ್ಥಿವೇತನ ಸಿಕ್ಕರೆ ಕರಬಸಪ್ಪ ಧಾರವಾಡದ ಕಾಲೇಜಿಗೆ ಹೋಗುತ್ತಿದ್ದ. ಸಿಗದಿದ್ದರೆ ಹಂಸಭಾವಿಗೆ. ಅಲ್ಲಿ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುವ ತಕ್ಕಡಿ ಅವನ ದಾರಿ ಕಾಯುತ್ತಿತ್ತು. ಮಾವ ಕೆಟ್ಟವನೇನಲ್ಲ. ಆದರೆ ಕರಬಸಪ್ಪ ಒಂದು ಸಲ ಊರಿನ ಲಾಯರರ ಮನೆಯಲ್ಲಿ ಗೋಡೆಯ ತುಂಬ ಪುಸ್ತಕ ನೋಡಿದ್ದ, ಅಂದಿನಿಂದ ಅವನಿಗೆ ಮೆಣಸಿನಕಾಯಿ ಮೇಲೆ ಮನಸ್ಸು ಹತ್ತಿರಲಿಲ್ಲ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಹಿರಿಯರು ನಗುತ್ತಾರೆ. ನಗುವವರಿಗೇನು, ಯುದ್ಧ ಅವರದಲ್ಲ. ಕರಬಸಪ್ಪ ನೇರವಾಗಿ ಉಸ್ಮಾನಸಾಬರ ಕುಸ್ತಿಯ ತಾಲೀಮಿಗೆ ಓಡಿದ. ಉಸ್ಮಾನಸಾಬರು ಊರಿನ ಅರ್ಧದಷ್ಟು ಪೈಲ್ವಾನರನ್ನು ತಯಾರು ಮಾಡಿದ ವಸ್ತಾದರು.

"ಕಾಕಾ, ಸಂಜೀಯೊಳಗ ನನಗ ಕುಸ್ತಿ ಕಲಸ್ರಿ."

ವಸ್ತಾದರು ಅವನ ತೋಳು ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು. "ಬೇಟಾ, ಇದರಾಗ ಎಲುಬು ಐತಿ, ಮ್ಯಾಲೆ ಅಂಗಿ ಐತಿ. ನಡುವ ಏನೂ ಇಲ್ಲಲ್ಲೋ."

ವಿಷಯ ತಿಳಿದ ಮೇಲೆ ಅವರಿಗೂ ಮರುಕ ಬಂತು. ಬೈಠಕ್ ಹೊಡೆಯಲು ಹಚ್ಚಿದರು. ಹತ್ತನೆಯದಕ್ಕೆ ಕುಳಿತ ಕರಬಸಪ್ಪ ಹನ್ನೊಂದನೆಯದಕ್ಕೆ ಏಳಲಿಲ್ಲ. ಇಬ್ಬರು ಪೈಲ್ವಾನರು ರಟ್ಟೆಗೆ ಕೈಹಾಕಿ ಎಬ್ಬಿಸಬೇಕಾಯಿತು. ಉಸ್ಮಾನಸಾಬರು ಅಖಾಡದ ಕೆಮ್ಮಣ್ಣನ್ನು ಅವನ ಕುತ್ತಿಗೆಗೆ, ಎದೆಗೆ ಧಾರಾಳವಾಗಿ ಬಳಿದರು.

"ಮೈಗೆ ಮಣ್ಣು ಹತ್ತಿದ ಮ್ಯಾಲೆ ನೀ ನಮ್ಮ ಹುಡುಗ. ಯಾರರ ಕೇಳಿದ್ರ ಹೌದಂತೇನಿ, ಹೋಗು."

ಕಾಲು ಎಳೆಯುತ್ತ ಅವನು ಮಠಕ್ಕೆ ಬಂದ. ಭಜನಾ ಮೇಳದ ಮಹಾಲಿಂಗಪ್ಪ ಬೇಡ ಅನ್ನಲಾರದೆ ಕೈಗೆ ತಾಳ ಕೊಟ್ಟರು. ಮೇಳ ಒಂದು ಕಡೆ ಹೊರಟರೆ ಕರಬಸಪ್ಪನ ತಾಳ ಇನ್ನೊಂದು ಕಡೆ ಹೊರಡುತ್ತಿತ್ತು. ತುಸು ಹೊತ್ತಿಗೆ ಹಾರ್ಮೋನಿಯಂ ಬಾರಿಸುವವನೂ ದಾರಿ ತಪ್ಪಿದ. ಮಹಾಲಿಂಗಪ್ಪ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

"ಸಾಕಪಾ, ದೇವ್ರ ತಾಳ್ಮಿಗೂ ಒಂದು ಮಿತಿ ಐತಿ. ತಾಳ ನಿನ್ನ ಹಂತ್ಯಾಕ ಇರಲಿ. ನಮ್ಮ ಮೇಳದ ಹುಡುಗ ಅಂತ ಹೇಳಾಕ ನನ್ನದೇನೂ ತಕರಾರಿಲ್ಲ. ಭಜನಿಗೆ ಮಾತ್ರ ಬರಬ್ಯಾಡ."

ನಾಟಕದ ಹನುಮಂತಪ್ಪ ಮಾಸ್ತರರು ಮಾತ್ರ ಅವನನ್ನು ಕಂಡು ಹಿಗ್ಗಿದರು. ಅವರಿಗೆ ರಾಣಿಯ ಪಾತ್ರಕ್ಕೆ ಜನ ಸಿಕ್ಕಿರಲಿಲ್ಲ. ಊರಿನ ಹುಡುಗರಿಗೆಲ್ಲ ಮೀಸೆಯ ಮೋಹ. ಕರಬಸಪ್ಪನಿಗೂ ಆ ವರ್ಷವೇ ಮೀಸೆ ಚಿಗುರಿತ್ತು, ಆದರೆ ಮೀಸೆಗಿಂತ ಧಾರವಾಡ ದೊಡ್ಡದೆಂದು ಅವನು ಮುಖ ಒಡ್ಡಿದ. ಮಾಸ್ತರರು ಕೆನ್ನೆಗೆ ಗುಲಾಬಿ ಬಣ್ಣ ಹಚ್ಚಿದರು. ಎಡಗಡೆಯ ಮೀಸೆ ತೆಗೆದು ಬಲಗಡೆಗೆ ಕತ್ತಿ ತಂದಾಗ, ನಾಟಕದ ತಾಲೀಮು ನೋಡಲು ಬಂದಿದ್ದ ಒಬ್ಬ ಪರಿಚಯದವನು ಬಾಗಿಲಲ್ಲೇ ನಿಂತು ಹೇಳಿದ:

"ಕರಬಸಪ್ಪ, ನೀ ಇಲ್ಲಿ ಅದೀಯೇನು? ಯಾರೋ ಧಾರವಾಡದ ಹಿರ್ಯಾರು ನಿಮ್ಮ ಓಣ್ಯಾಗ ನಿನ್ನ ವಿಚಾರ ಮಾಡಾಕತ್ತಿದ್ರು."

ಅರ್ಧ ಮೀಸೆಯ ರಾಣಿ ಎದ್ದು ಓಡಿದಳು. ಬೈಠಕ್ ಹೊಡೆದ ತೊಡೆಗಳು ಓಡಲು ಒಪ್ಪದಿದ್ದರೂ ಓಡಿದಳು.

ಓಣಿಯಲ್ಲಿ ಪಕ್ಕದ ಮನೆಯ ಶಾರವ್ವ ಕಟ್ಟೆಯ ಮೇಲೆ ಗೆದ್ದವರ ಹಾಗೆ ಕುಳಿತಿದ್ದಳು. ಎದುರು ಮನೆಯ ಮರಿಯಮಬಿ ಎಲೆಗೆ ಸುಣ್ಣ ಹಚ್ಚಿ ಅವಳಿಗೆ ಕೊಡುತ್ತಿದ್ದಳು. ಕರಬಸಪ್ಪನ ಅಪ್ಪ ಅವ್ವ ಹೊಲದಿಂದ ಇನ್ನೂ ಬಂದಿರಲಿಲ್ಲ.

"ಬಂದೇನೋ ತಮ್ಮಾ," ಎಂದಳು ಶಾರವ್ವ. "ಇದೇನು ಮಾರಿಗೆ? ಇರಲಿ. ನಿನಗ ಹೆಣ್ಣು ಕೊಡಾಕ ಬಂದಿದ್ರು. ಧಾರವಾಡದವ್ರು, ಅಂದಾನಪ್ಪ ಅಂತ. ಜರದ ರುಮಾಲು, ಕರೀ ಕೋಟು. ದೊಡ್ಡ ಮನಿತನ."

"ಹೆಣ್ಣು ಕೊಡ್ತೇನಿ ಅಂದ್ರೇನು?"

"ಯಾರರ ಬಾಯಿಬಿಟ್ಟು ಅಂತಾರೇನು? ಓಣ್ಯಾಗ ಬಂದು ಹುಡುಗ ಹೆಂಗದಾನ ಅಂತ ಕೇಳಿದ್ರ ಅದರ ಅರ್ಥ ನಮಗ ತಿಳಿಯಂಗಿಲ್ಲೇನು?"

ಕರಬಸಪ್ಪ ಕಟ್ಟೆಯ ಹತ್ತಿರ ಬಂದ. "ನೀ ಏನಂದಿ ದೊಡ್ಡವ್ವಾ?"

"ಬಂಗಾರದಂಥಾ ಮಾತು ಹೇಳೇನಿ. ಹುಡುಗ ಕುಸ್ತಿ ಆಡ್ತಾನೇನು ಅಂದ್ರು. ಛೆ ಛೆ, ಹೊಡೆದಾಟ ಬಡಿದಾಟದ ಕಡೆ ತಿರುಗಿ ಸುದ್ದಾ ನೋಡಂಗಿಲ್ಲ ಅಂದೆ. ನಾಟಕ ಅಂದ್ರು. ಅಂಥಾ ಹಲ್ಕಾ ಮಂದಿ ಸಂಗ ಇಲ್ಲ ಅಂದೆ. ಹಾಡ್ತಾನೇನು ಅಂದ್ರು."

"ಅದಕ್ಕ ನಾ ಹೇಳಿದೆ," ಎಂದಳು ಮರಿಯಮಬಿ. "ಎದುರು ಮನ್ಯಾಗ ಇಷ್ಟು ವರ್ಷ ಅದೇವಿ, ಹುಡುಗನ ಧ್ವನಿ ಹೆಂಗೈತಿ ಅಂತ ಸುದ್ದಾ ಗೊತ್ತಿಲ್ರಿ ಅಂದೆ."

"ಸಾಲಿ ಬಿಟ್ರ ಮನಿ, ಮನಿ ಬಿಟ್ರ ಸಾಲಿ ಅಂದೆ. ಪಾಪ, ಅವರ ಕಣ್ಣಾಗ ನೀರು ಬಂತು. ಸಾಲಿಗೆ ಹೋಗೂ ಜರೂರ ಇಲ್ಲ, ತಿಳಿಯೂದು ತಿಳೀತು ಅಂತ ಮೋಟಾರ್ ಸ್ಟ್ಯಾಂಡಿಗೆ ಹೋದ್ರು."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಶಾರವ್ವ ಜೀವಮಾನವಿಡೀ ನಡೆಸಿಕೊಂಡು ಬಂದವಳು. ಇದೊಂದು ಸಲ ಒಂದೂ ಸುಳ್ಳು ಹೇಳುವ ಪ್ರಸಂಗ ಬಂದಿರಲಿಲ್ಲ. ಆದ್ದರಿಂದಲೇ ಅವಳಿಗೆ ಅಷ್ಟು ಸಂತೋಷವಾಗಿತ್ತು.

ಕರಬಸಪ್ಪ ಕಟ್ಟೆಯ ಮೇಲೆ ಕುಸಿದು, ವಿಷಯವೆಲ್ಲ ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಅತ್ತೂಬಿಟ್ಟ. ಗುಲಾಬಿ ಬಣ್ಣ ಹರಿದು ಕೆಮ್ಮಣ್ಣಿಗೆ ಸೇರಿತು. ಶಾರವ್ವ ಬಾಯಲ್ಲಿದ್ದ ಎಲೆ ಉಗುಳಿ ಎದ್ದು ನಿಂತಳು.

"ನನ್ನ ಬಾಯಿಂದ ಕೆಟ್ಟಿದ್ದನ್ನ ನನ್ನ ಬಾಯಿಂದನ ನೆಟ್ಟಗ ಮಾಡ್ತೇನಿ, ನಡಿ. ಮರಿಯಮಬೀ, ನೀ ಉಸ್ಮಾನಸಾಬರನ್ನ ಸ್ಟ್ಯಾಂಡಿಗೆ ಕರಕೊಂಡು ಬಾ. ದಾರ್ಯಾಗ ಮಠದವ್ರಿಗೂ ನಾಟಕದವ್ರಿಗೂ ಹೇಳು."

ಬಸ್ಸು ಹೊರಡುವುದರಲ್ಲಿತ್ತು. ಡ್ರೈವರ್ ಚಹಾ ಕುಡಿಯುತ್ತಿದ್ದುದರಿಂದ ಮಾತ್ರ ನಿಂತಿತ್ತು. ಕಿಟಕಿಯ ಪಕ್ಕ ಜರದ ರುಮಾಲಿನ ಅಂದಾನಪ್ಪನವರು ಕುಳಿತು ಪೊಟ್ಟಣದಿಂದ ಸವಣೂರಿನ ಖಾರದ ಕುರುಕಲು ತಿನ್ನುತ್ತಿದ್ದರು. ಶಾರವ್ವ ಕಿಟಕಿಯ ಸರಳು ಹಿಡಿದಳು.

"ಅಣ್ಣಾರ, ಆಗಳೆ ನಾ ಹೇಳಿದ್ದೆಲ್ಲಾ ಸುಳ್ಳರಿ. ಈ ಹುಡುಗ ಮನ್ಯಾಗ ನಿಂತಿದ್ದನ್ನ ನಾವು ಕಂಡಿಲ್ಲ."

"ದಿನಾ ಅಖಾಡದಾಗ ಇರ್ತಾನ್ರಿ," ಎಂದರು ಅಷ್ಟರಲ್ಲಿ ಉಳಿದಿಬ್ಬರೊಡನೆ ಬಂದು ಮುಟ್ಟಿದ ಉಸ್ಮಾನಸಾಬರು. "ನನ್ನ ಹಿಂದ ತಾಲೀಮು ನಡಸಾವ ಇವನ."

"ಇವನ ತಾಳ ಕೇಳಿದ್ರ ಭಜನಿ ಮಂದಿ ಮೈಮ್ಯಾಲೆ ಎಚ್ಚರ ಇರಂಗಿಲ್ರಿ," ಎಂದರು ಮಹಾಲಿಂಗಪ್ಪ. ಇದರಲ್ಲಿ ಸ್ವಲ್ಪ ಸತ್ಯವೂ ಇತ್ತು.

"ನಾಟಕಕ್ಕ ಮೀಸಿ ಕೊಟ್ಟ ಹುಡುಗರಿ, ನೋಡ್ರಿ ಬೇಕಾರ," ಎಂದು ಹನುಮಂತಪ್ಪ ಮಾಸ್ತರರು ಅವನ ಮುಖವನ್ನು ಕಿಟಕಿಯತ್ತ ತಿರುಗಿಸಿದರು.

ಅಂದಾನಪ್ಪನವರು ಆ ಮುಖವನ್ನು ಬಹಳ ಹೊತ್ತು ನೋಡಿದರು. "ಇಷ್ಟೆಲ್ಲಾ ನಿನಗ ಬರ್ತೈತೇನಪಾ?"

ಇಡೀ ಓಣಿ ತನ್ನ ಸಲುವಾಗಿ ಸುಳ್ಳು ಹೇಳಿ ನಿಂತಿರುವಾಗ ತಾನೊಬ್ಬ ಹರಿಶ್ಚಂದ್ರನಾಗುವುದು ಸರಿಯಲ್ಲವೆಂದು ಕರಬಸಪ್ಪನಿಗೆ ಕಂಡಿತು. "ಹೂಂನ್ರಿ," ಎಂದ.

"ದೇವ್ರು ದೊಡ್ಡಾಂವ," ಎಂದು ಅಂದಾನಪ್ಪನವರು ಖಾರದ ಪೊಟ್ಟಣ ಮಡಚಿಟ್ಟರು. "ತಮ್ಮಾ, ನಮ್ಮಲ್ಲಿ ಎರಡು ನಮೂನಿ ಐತಿ. ಓದೂದು ಬಿಟ್ಟು ಏನೂ ಬರದಂಥಾ ಬಡ ಹುಡುಗಗ ವಿದ್ಯಾರ್ಥಿವೇತನ. ಆಂವ ಕುಂತು ಓದಿದ್ರ ಸಾಕು, ಒಂದು ಕಡ್ಡಿ ಸುದ್ದಾ ಎತ್ತೂದು ಬ್ಯಾಡ. ಆಗಳೆ ಈ ಅಕ್ಕಾರ ಮಾತು ಕೇಳಿ ಅದು ನಿನಗ ಅಂತ ಗಟ್ಟಿ ಮಾಡಿದ್ದೆ."

ಶಾರವ್ವ ಕಿಟಕಿಯ ಸರಳು ಬಿಟ್ಟಳು.

"ಈಗ ಅದನ್ನ ಚಿಕ್ಕೇರೂರ ಒಬ್ಬ ಹುಡುಗಗ ಕೊಡ್ತೇನಿ, ಅವಗೂ ಏನೂ ಬರಂಗಿಲ್ಲ, ಪಾಪ. ನಿನ್ನಂಥಾ ಹುಶಾರ ಹುಡುಗಗ ಬ್ಯಾರೆ ಜಾಗಾ ಐತಿ. ಕಾಲೇಜ ಫೀ, ಊಟ, ವಸ್ತಿ ಎಲ್ಲಾ ನಮ್ಮದ. ನಮ್ಮ ಬೋರ್ಡಿಂಗಿನ ಹುಡುಗರಿಗೆ ಮುಂಜಾನೆ ತಾಲೀಮು, ಸಂಜಿಕ ಭಜನಿ, ರಾತ್ರಿ ನಾಟಕ ಕಲಸೂದು ನಿಂದು. ಇದನ್ನ ಮೂರು ಮಂದಿ ಮಾಡತಿದ್ರು. ಮೂವರೂ ಈ ವರ್ಷ ಬಿಟ್ಟು ಹೊಂಟಾರ. ಮೂವರನ್ನ ಎಲ್ಲಿಂದ ತರ್ಲಿ ಅಂತ ಊರೂರು ಕೇಳಕೋತ ತಿರಗಾಕತ್ತಿದ್ದೆ."

ಕರಬಸಪ್ಪನಿಗೆ ಆಗ ಸತ್ಯದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. "ಸರ, ನನಗ ಖರೇನ ಏನೂ ಬರಂಗಿಲ್ರಿ. ದೇವ್ರಾಣಿ ಬರಂಗಿಲ್ರಿ."

"ನೋಡ್ರಿ, ವಿನಯಾನೂ ಐತಿ," ಎಂದರು ಅಂದಾನಪ್ಪನವರು ಪಕ್ಕದವರಿಗೆ. "ಜೂನ್ ತಿಂಗಳಿಗೆ ಬಂದುಬಿಡಪಾ. ಪರೀಕ್ಷಾ ಪಾಸ್ ಆಗೂದು ಮಾತ್ರ ಮರೀಬ್ಯಾಡ."

ಬಸ್ಸು ಧೂಳೆಬ್ಬಿಸಿ ಹೊರಟಿತು. ಅದು ಮರೆಯಾಗುವ ಮೊದಲೇ ಮೂವರು ಗುರುಗಳ ನಡುವೆ ಶಿಷ್ಯನಿಗಾಗಿ ಜಗಳ ಹತ್ತಿತ್ತು. ನಸುಕಿನಿಂದ ಬಿಸಿಲೇರುವ ತನಕ ತನಗೆ ಬೇಕೆಂದರು ಉಸ್ಮಾನಸಾಬರು. ಮಧ್ಯಾಹ್ನದಿಂದ ಸಂಜೆಯವರೆಗೆ ತಾಳ ಹಿಡಿಸದಿದ್ದರೆ ಮಠದ ಮರ್ಯಾದೆ ಧಾರವಾಡದಲ್ಲಿ ಹೋಗುತ್ತದೆಂದರು ಮಹಾಲಿಂಗಪ್ಪ. ರಾತ್ರಿಯೆಲ್ಲ ನನ್ನದು ಎಂದರು ಹನುಮಂತಪ್ಪ ಮಾಸ್ತರರು.

ಕರಬಸಪ್ಪ ಬಸ್ಸು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದ. ತೊಡೆ ನೋಯುತ್ತಿತ್ತು, ಮುಖ ಉರಿಯುತ್ತಿತ್ತು. ಆದರೂ ಆ ದಾರಿ ಧಾರವಾಡಕ್ಕೇ ಹೋಗುತ್ತದೆಂಬುದು ನೆನಪಾಗಿ ಅವನಿಗೆ ನಗು ಬಂತು, ಹೊಟ್ಟೆ ತುಂಬ ಬಂತು.

"ಎಲ್ಲಾ ಖರೆ," ಎಂದ ಕೊನೆಗೆ. "ಆದ್ರ ಪರೀಕ್ಷಾಕ್ಕ ನಾ ಓದೂದು ಯಾವಾಗ ದೊಡ್ಡವ್ವಾ?"

ಶಾರವ್ವ ಸೆರಗಿನಿಂದ ಅವನ ಕೆನ್ನೆಯ ಬಣ್ಣ ಒರೆಸಿದಳು. "ಮಾಸ್ತರಕಿ ಸಿಕ್ಕ ಮ್ಯಾಲೆ ಯಾರರ ಓದ್ತಾರೇನೋ ತಮ್ಮಾ?"